ಒಂದು ಕೈಯಲ್ಲಿ ಲೇಖನಿ, ಇನ್ನೊಂದು ಕೈಯಲ್ಲಿ ಮಕ್ಕಳ ಬೆರಳು

"ಆಪಾ, ನೀವು ಮಕ್ಕಳಿಗೆ ಕಲಿಸೋರೋ, ಪತ್ರಿಕೆಗೆ ಬರಿಯೋರೋ? ಒಂದನ್ನ ಹೇಳ್ರಿ."

ಸವಣೂರಿನ ಒಬ್ಬ ತಾಯಿ ನನ್ನನ್ನು ಹೀಗೆ ಕೇಳಿದಾಗ ಥಟ್ಟನೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ. ಆಕೆಯ ಕೈಯಲ್ಲಿ ಎಂಟನೇ ತರಗತಿಯಲ್ಲಿ ಓದುವ ಮಗಳ ನೋಟ್‌ಬುಕ್ಕಿತ್ತು. ನನ್ನ ಭಾನುವಾರದ ತರಗತಿಯಲ್ಲಿ ಆ ಹುಡುಗಿ ಮನೆಯ ಹೊಲಿಗೆ ಯಂತ್ರದ ಕುರಿತು ಎರಡು ಪುಟ ಬರೆದಿದ್ದಳು. ಯಂತ್ರದ ಸದ್ದು ಪ್ರತಿ ರಾತ್ರಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ತಂದೆಗೆ ಕೆಲಸವಿಲ್ಲದ ತಿಂಗಳಲ್ಲಿ ಅದು ಎಷ್ಟು ತಡವಾಗಿ ನಿಲ್ಲುತ್ತದೆ, ಹಬ್ಬದ ಮುಂಚಿನ ವಾರ ತಾಯಿಯ ಬೆರಳಿಗೆ ಸೂಜಿ ಚುಚ್ಚಿದ್ದನ್ನು ಮನೆಯಲ್ಲಿ ಯಾರೂ ಯಾಕೆ ನೋಡಲಿಲ್ಲ ಎಂಬುದೆಲ್ಲ ಅದರಲ್ಲಿತ್ತು.

ತಾಯಿಗೆ ಕನ್ನಡ ಓದಲು ಬರುವುದಿಲ್ಲ. ಓಣಿಯ ಹುಡುಗನೊಬ್ಬ ನಾಲ್ಕು ಸಾಲು ಓದಿ ನಕ್ಕಿದ್ದ. "ಮನಿ ಮಾತು ಓಣಿಗೆ ಬಂತು. ನಾಳೆ ನೀವು ಇದನ್ನ ಪತ್ರಿಕೆಗೆ ಹಾಕಿದ್ರ ಊರಿಗೇ ಗೊತ್ತಾಗ್ತೈತಿ. ನಮ್ಮ ಹುಡುಗಿ ಇನ್ನ ಬರಂಗಿಲ್ಲ" ಎಂದು ಹೇಳಿ ಆಕೆ ಬುರ್ಖಾ ಸರಿಪಡಿಸಿಕೊಂಡು ಎದ್ದುಹೋದರು.

ಬರವಣಿಗೆ ಮತ್ತು ಮಕ್ಕಳಿಗೆ ಕಲೆ ಕಲಿಸುವ ಕೆಲಸ, ಇವೆರಡನ್ನೂ ಒಬ್ಬರೇ ಮಾಡಬಹುದೇ? ಮಾಡಿದರೆ ಒಂದು ಇನ್ನೊಂದನ್ನು ತಿಂದುಹಾಕುವುದಿಲ್ಲವೇ? ಅಂದಿನಿಂದ ನನ್ನನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ಓದುಗ ಸಹೋದರಿಯರ ಮುಂದಿಡುತ್ತಿದ್ದೇನೆ. ಏಕೆಂದರೆ ನಮ್ಮ ಅನೇಕ ಮನೆಗಳಲ್ಲಿ ಬರೆಯುವ ಆಸೆಯುಳ್ಳ ಸೊಸೆಯಂದಿರಿದ್ದಾರೆ, ಕಲಿಸುವ ಆಸೆಯುಳ್ಳ ಹೆಣ್ಣುಮಕ್ಕಳಿದ್ದಾರೆ. ಎರಡೂ ಇರುವವರು 'ಯಾವುದಾದರೂ ಒಂದು ಸಾಕು' ಎಂಬ ಮಾತು ಕೇಳಿ ಕೊನೆಗೆ ಎರಡನ್ನೂ ಬಿಟ್ಟುಬಿಡುತ್ತಾರೆ.

ನಾಲ್ಕು ಊರು, ನಾಲ್ಕು ಭಾನುವಾರ

ನಾನು ಮದ್ರಸಾದಲ್ಲಿ ಕಲಿತವಳು. ಆಲಿಮಾ ಶಿಕ್ಷಣ ಮುಗಿದ ಮೇಲೆ ಮದುವೆಯಾಯಿತು. ಮೊದಲ ಮಗು ಶಾಲೆಗೆ ಹೋಗಲಾರಂಭಿಸಿದ ಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬಿ.ಎ. ಮಾಡಿಕೊಂಡೆ. ಈಗ ಹಾನಗಲ್ಲಿನಲ್ಲಿ ಶಿಕ್ಷಕಿ. ಗಂಡನ ಮನೆಯೂ ಅದೇ ಊರು. ತವರುಮನೆ ಸವಣೂರು. ಖಾಲಾ ಇರುವುದು ಶಿಗ್ಗಾಂವಿಯಲ್ಲಿ. ಅಕ್ಕನನ್ನು ಕೊಟ್ಟಿರುವುದು ಹಿರೇಕೆರೂರಿಗೆ. ಈ ನಾಲ್ಕೂ 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ತಾಲೂಕುಗಳು. ತಿಂಗಳ ಮೊದಲ ಭಾನುವಾರ ನಮ್ಮ ಮನೆಯ ಪಡಸಾಲೆ, ಎರಡನೆಯದು ಸವಣೂರು, ಮೂರನೆಯದು ಶಿಗ್ಗಾಂವಿ, ನಾಲ್ಕನೆಯದು ಹಿರೇಕೆರೂರು. ಬಂಧುಗಳ ಮನೆಗೆ ಹೋದ ಹಾಗೂ ಆಯಿತು, ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡ ಹಾಗೂ ಆಯಿತು.

ಅಲ್ಲಿ ಕಲಿಸುವುದೇನೂ ದೊಡ್ಡ ವಿದ್ಯೆಯಲ್ಲ. ಕಥೆ ಹೇಳುವುದು, ಕೇಳಿದ ಕಥೆಯನ್ನು ಪಾತ್ರ ಹಂಚಿಕೊಂಡು ಆಡುವುದು, ಅಂದವಾಗಿ ಬರೆಯುವುದು, ಬಿದಿರಿನ ಕಲಮಿನಿಂದ ಅರಬಿ ಅಕ್ಷರ ತೀಡುವುದು, ಗಿಡಮರಗಳ ಚಿತ್ರ ಬಿಡಿಸುವುದು, ತಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯುವುದು. ಒಂದೊಂದು ಊರಿನಲ್ಲಿ ಆ ಊರೇ ಪಾಠ ಒದಗಿಸುತ್ತದೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಊರುಗಳು. ಅಲ್ಲಿಯ ಮಕ್ಕಳಿಗೆ 'ನಿಮ್ಮ ಅಡುಗೆಮನೆಯ ಒಂದು ವಸ್ತುವಿನ ಮೇಲೆ ಮೂರೇ ಸಾಲು ಬರೆಯಿರಿ' ಎನ್ನುತ್ತೇನೆ. ನಾಲ್ಕನೇ ಸಾಲು ಬರೆದರೆ ಸೋತಂತೆ! ಕಡಿಮೆ ಮಾತಿನಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಮಕ್ಕಳಿಗೆ ಆಗ ತಿಳಿಯುತ್ತದೆ.

ಸವಣೂರಿನಲ್ಲಿ ಎಲ್ಲರೂ ಬಲ್ಲ ಆ ದೊಡ್ಡ ಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ವಾಸ್ತವದಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯವು. ಹತ್ತಾರು ಮಕ್ಕಳು ಕೈ ಕೈ ಹಿಡಿದು ನಿಂತರಷ್ಟೇ ಒಂದರ ಬುಡವನ್ನು ಸುತ್ತುವರಿಯಲು ಸಾಧ್ಯ. 2023ರ ಮಳೆಗಾಲದಲ್ಲಿ ಮೂರು ಮರಗಳಲ್ಲಿ ಒಂದು ಉರುಳಿಬಿತ್ತು. ಅದನ್ನು ಮತ್ತೆ ನಿಲ್ಲಿಸುವ ಪ್ರಯತ್ನವೂ ನಡೆಯಿತು. ಆ ತಿಂಗಳು ನಮ್ಮ ತರಗತಿಯಲ್ಲಿ ಬೇರೆ ಪಾಠವೇ ಬೇಕಾಗಲಿಲ್ಲ. ಬಿದ್ದ ಮರದ ಬಗ್ಗೆ ಪ್ರತಿಯೊಂದು ಮಗುವಿನ ಅಜ್ಜಿಗೂ ಒಂದು ಕಥೆ ಗೊತ್ತಿತ್ತು.

ದೇವಗಿರಿಯಿಂದ ಗದಗಿಗೆ

ಇದೆಲ್ಲ ನಾನೇ ಕಂಡುಹಿಡಿದ ದಾರಿಯೆಂದು ಬಹುದಿನ ತಿಳಿದಿದ್ದೆ. ಆಮೇಲೆ ನೋಡಿದರೆ ನಮ್ಮ ನೆಲದಲ್ಲಿ ಈ ದಾರಿಯನ್ನು ನನಗಿಂತ ಎಷ್ಟೋ ಮೊದಲೇ ಸವೆಸಿದವರಿದ್ದಾರೆ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರಾಗಿದ್ದರು. ಸಂಗೀತ ಕಲಿತು ದೊಡ್ಡ ವಿದ್ವಾಂಸರಾದರು. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರು. 1944ರಲ್ಲಿ ಗುರುಗಳು ತೀರಿಕೊಂಡಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯೆಲ್ಲ ಶಿಷ್ಯರ ಹೆಗಲಿಗೇರಿತು. ಅಂಧ ಮಕ್ಕಳು, ಅನಾಥ ಮಕ್ಕಳು, ಕಡುಬಡವರ ಮಕ್ಕಳು. ಎಲ್ಲರಿಗೂ ಊಟ ಹಾಕಬೇಕು, ಸಂಗೀತ ಕಲಿಸಬೇಕು. ಹಣವೆಲ್ಲಿಂದ ಬರಬೇಕು?

ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದರು. ನಾಟಕ ಕಂಪನಿ ಕಟ್ಟಿ ಊರೂರಿಗೆ ಒಯ್ದು ಆಡಿಸಿದರು. ಅದರಿಂದ ಬಂದ ಹಣ ಆಶ್ರಮದ ಮಕ್ಕಳ ಊಟಕ್ಕೆ, ಬಟ್ಟೆಗೆ, ಕಲಿಕೆಗೆ ಹೋಯಿತು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಅವರು ಗ್ರಂಥ ರಚಿಸಿದ್ದಾರೆ. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಧನರಾದರು. ಅವರ ಶಿಷ್ಯರು ಇಂದಿಗೂ ನಾಡಿನ ಅನೇಕ ಊರುಗಳಲ್ಲಿ ಸಂಗೀತ ಶಿಕ್ಷಕರಾಗಿ ಬದುಕು ಕಟ್ಟಿಕೊಂಡಿದ್ದಾರೆ.

ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಒಳ್ಳೆಯದನ್ನು ಎಲ್ಲಿ ಕಂಡರೂ ಕಲಿಯಬೇಕಲ್ಲವೇ? ಕಣ್ಣಿಲ್ಲದ ಒಬ್ಬರು ಬರವಣಿಗೆಯಿಂದ ಮಕ್ಕಳನ್ನು ಸಾಕಿದರು, ಆ ಮಕ್ಕಳಿಗಾಗಿಯೇ ಮತ್ತೆ ಬರೆದರು. ಅವರಿಗೆ ಇವೆರಡೂ ಬೇರೆಬೇರೆ ಉದ್ಯೋಗಗಳಾಗಿರಲಿಲ್ಲ. ಕಣ್ಣು, ಕೈ, ಮನೆ ಎಲ್ಲವನ್ನೂ ಪಡೆದಿರುವ ನಾವು 'ಪುರುಸೊತ್ತಿಲ್ಲ' ಎನ್ನುವಾಗ ನನಗೆ ದೇವಗಿರಿಯ ನೆನಪಾಗುತ್ತದೆ.

ಶಿಶುವಿನಹಾಳದ ಮಾಸ್ತರರು

ಇನ್ನು ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳ. ಶಿಶುನಾಳ ಶರೀಫರು (1819-1889) ಎಂದರೆ ಎಲ್ಲರಿಗೂ ತತ್ವಪದಗಳು ನೆನಪಾಗುತ್ತವೆ. ಆದರೆ ಅವರು ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲವು ಕಾಲ ಸುತ್ತಮುತ್ತಲ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಾಸ್ತರರಾಗಿದ್ದರು ಎಂಬುದು ಅನೇಕರಿಗೆ ತಿಳಿಯದು. ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಶಾಲೆಯಲ್ಲಿ ಅಕ್ಷರ ಕಲಿಸಿದ ಅವರು ಊರಿನ ಜನರಿಗೆ ಹಾಡು ಕಲಿಸಿದರು. ಬಯಲಾಟದವರ ನಡುವೆ ಓಡಾಡಿದರು. ಮೊಹರಮ್ಮಿನ ಹೆಜ್ಜೆಮೇಳಗಳಿಗೆ ರಿವಾಯತ್ ಪದಗಳನ್ನು ಕಟ್ಟಿಕೊಟ್ಟರು. ಮೊಹರಮ್ ಆಚರಣೆಯ ಕುರಿತು ನಮ್ಮಲ್ಲಿ ಭಿನ್ನ ಅಭಿಪ್ರಾಯಗಳಿವೆ, ಅದರ ಚರ್ಚೆ ಇಲ್ಲಿ ಬೇಡ. ನಾನು ಗಮನಿಸಿದ್ದು ಬೇರೊಂದನ್ನು.

ಶರೀಫರ ಪದಗಳಲ್ಲಿ ಬರುವುದು ಸೋರುವ ಮಾಳಿಗೆ, ಕೋಳಿ, ಹೊಲ, ಕುಟ್ಟುವುದು, ಬೀಸುವುದು. ಇವೆಲ್ಲ ಹಳ್ಳಿಯ ಮಗುವಿಗೂ ಗೊತ್ತಿರುವ ವಸ್ತುಗಳೇ. ದೊಡ್ಡ ಅರ್ಥವನ್ನು ಇಷ್ಟು ಸಣ್ಣ ವಸ್ತುವಿನೊಳಗೆ ಇಡುವ ಅಭ್ಯಾಸದಲ್ಲಿ, ಎದುರಿಗೆ ಕೂತ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕಾದ ಮಾಸ್ತರರ ಕೈ ಇದೆಯೆಂದು ನನಗನ್ನಿಸುತ್ತದೆ. ಒಂದೂವರೆ ಶತಮಾನ ಕಳೆದರೂ ಆ ಪದಗಳು ಬಾಯಿಂದ ಬಾಯಿಗೆ ಉಳಿದುಬಂದಿವೆ. 1990ರಲ್ಲಿ ನಾಗಾಭರಣರು ಅವರ ಬದುಕನ್ನು ಚಲನಚಿತ್ರವಾಗಿಸಿದಾಗ ಆ ಪದಗಳು ಇನ್ನೂ ಹೊಸ ಕಿವಿಗಳನ್ನು ತಲುಪಿದವು.

ಶಿಗ್ಗಾಂವಿಯ ಮಕ್ಕಳಿಗೆ ನಾನು ಕೊಡುವ ಮನೆಗೆಲಸ ಇದರಿಂದಲೇ ಬಂದದ್ದು. 'ನಿಮ್ಮ ದಾದಿ, ನಾನಿಯರಿಂದ ಒಂದು ಲೋರಿಯನ್ನೋ ಮದುವೆ ಹಾಡನ್ನೋ ಕೇಳಿ ಬರೆದುಕೊಂಡು ಬನ್ನಿ' ಎನ್ನುತ್ತೇನೆ. ದಖನಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರುತ್ತಾರೆ. ಅದೇ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಗಿದೆ. ಪಕ್ಕದಲ್ಲೇ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸಿನ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನೇ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ ತೋಟವದು. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರು ಚಿತ್ರ ಬರೆದವರು, ಕಲೆಯ ಪಾಠ ಹೇಳಿದವರು, ದೊಡ್ಡಾಟಕ್ಕೆ ಹೊಸ ಜೀವ ತುಂಬಲು ದುಡಿದವರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ರೊಟ್ಟಿ ಬಡಿಯುವ ಹೆಂಗಸಿನ ಶಿಲ್ಪದ ಮುಂದೆ ಹುಡುಗಿಯೊಬ್ಬಳು ನಿಂತು, "ನಮ್ಮ ಅಮ್ಮೀನೂ ಹಿಂಗ ಕೂಡ್ತಾಳ. ಆದ್ರ ಅಕಿ ಮೂರ್ತಿ ಯಾರೂ ಮಾಡಿಲ್ಲ" ಎಂದಳು. ಅಂಥ ಮಾತು ಕೇಳಿಸಿಕೊಳ್ಳುವುದಕ್ಕಾಗಿಯೇ ಈ ಕೆಲಸ ಬಿಡಲಾಗುವುದಿಲ್ಲ.

ಕಲಿಸುತ್ತ ಬರೆದವರು

ಸವಣೂರು ನವಾಬರ ಸಂಸ್ಥಾನವಾಗಿದ್ದ ಕಾಲದಲ್ಲಿ, 1909ರಲ್ಲಿ ಅಲ್ಲಿ ಹುಟ್ಟಿದವರು ವಿ.ಕೃ. ಗೋಕಾಕರು. ಓದಿದ್ದು ಅದೇ ಊರಿನ ಮಜೀದ್ ಹೈಸ್ಕೂಲಿನಲ್ಲಿ. ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಬಂದರು, ಕಾಲೇಜುಗಳಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬದುಕಿಡೀ ಕಲಿಸುತ್ತಲೇ ಬರೆದರು. 1990ರ ಜ್ಞಾನಪೀಠ ಪ್ರಶಸ್ತಿ ಅವರದಾಯಿತು. ನವಾಬರ ಊರಿನ ಶಾಲೆಯ ಬೆಂಚಿನಿಂದ ಎದ್ದ ಹುಡುಗ ಅಷ್ಟು ದೂರ ಹೋದನೆಂದು ಹೇಳಿದರೆ ನಮ್ಮ ಸವಣೂರಿನ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ನಮ್ಮ ಜಿಲ್ಲೆಯಾಚೆ ನೋಡುವುದಾದರೆ ಪುತ್ತೂರಿನ ಉದಾಹರಣೆಯಿದೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಅಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ನಾಟಕ, ಕುಣಿತ, ಚಿತ್ರಗಳ ಮೂಲಕ ಕಲಿಸಲು ಹೊರಟರು. ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ಸಂಪುಟಗಳನ್ನು ಬರೆದರು. ಕಾದಂಬರಿಗಳನ್ನೂ ಬರೆದರು. ಸಾಲದ ಹೊರೆಯನ್ನೂ ಹೊತ್ತರು! ಅವರ ಶಾಲೆ ಬಹುಕಾಲ ಉಳಿಯಲಿಲ್ಲ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಎಲ್ಲ ಪ್ರಯೋಗಗಳೂ ನಿಲ್ಲುವುದಿಲ್ಲ. ಆದರೆ ಅದೇ ಪುತ್ತೂರಿನ ಬೊಳುವಾರಿನವರಾದ ಬೊಳುವಾರು ಮಹಮದ್ ಕುಂಞಿಯವರು ಬ್ಯಾಂಕಿನ ಕೆಲಸದ ನಡುವೆ ಮಕ್ಕಳಿಗಾಗಿ ಬರೆದರು, ಮಕ್ಕಳ ಪದ್ಯಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದರು.

ನಮ್ಮ ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936-2023) ಗೃಹಿಣಿಯಾಗಿ ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಕಾದಂಬರಿಗಾರ್ತಿಯಾದರು. ಹಾಸನದ ಬಾನು ಮುಷ್ತಾಕ್ ವಕೀಲಿ ವೃತ್ತಿಯ ಜೊತೆಗೇ ದಶಕಗಳ ಕಾಲ ಕಥೆ ಬರೆದರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ 12 ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇವರಲ್ಲಿ ಯಾರೂ ಬದುಕಿನ ಉಳಿದ ಕೆಲಸಗಳನ್ನು ಬದಿಗಿಟ್ಟು ಬರವಣಿಗೆಗೆ ಕೂತವರಲ್ಲ ಎಂಬುದು ಗಮನಾರ್ಹ.

'ಇದೆಲ್ಲ ನಮ್ಮಲ್ಲಿ ಸರಿಯೇ?'

ಈ ಪ್ರಶ್ನೆ ಪ್ರತಿ ಊರಿನಲ್ಲೂ ಬರುತ್ತದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ವಾದ್ಯ ಸಂಗೀತದ ಬಗ್ಗೆ, ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಒಂದು ಮನೆಯವರು ಒಪ್ಪದ್ದನ್ನು ಆ ಮನೆಯ ಮಗುವಿನಿಂದ ನಾನು ಮಾಡಿಸುವುದಿಲ್ಲ. ಹಮ್ದ್, ನಾತ್‌ಗಳನ್ನು ವಾದ್ಯವಿಲ್ಲದೆ ಹಾಡಿಸುತ್ತೇನೆ. ಗಿಡ, ಬಳ್ಳಿ, ಮಿನಾರು, ಬೆಟ್ಟಗಳ ಚಿತ್ರ ಬಿಡಿಸಲು ಒಂದು ಜೀವಮಾನ ಸಾಲದು. ಕಥೆಗಂತೂ ಯಾರ ಆಕ್ಷೇಪವೂ ಇಲ್ಲ.

ಆದರೆ ಲೇಖನಿಯ ವಿಷಯದಲ್ಲಿ ಅನುಮಾನಕ್ಕೆ ಆಸ್ಪದವೇ ಇಲ್ಲ. ಮೊಟ್ಟಮೊದಲ ದಿವ್ಯವಾಣಿಯಲ್ಲೇ ಓದಿನ ಆಜ್ಞೆ ಮತ್ತು ಲೇಖನಿಯ ಪ್ರಸ್ತಾಪವಿದೆ. ಲೇಖನಿಯ ಹೆಸರಿನ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರಿಗೆ ಮದೀನಾದ ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ(ಸ) ನಿಗದಿಪಡಿಸಿದ್ದರು. ಹಫ್ಸಾ(ರ)ರಿಗೆ ಬರವಣಿಗೆ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಮುಂದೆ ಗ್ರಂಥರೂಪದಲ್ಲಿ ಸಂಗ್ರಹಿಸಿದ ಕುರ್‌ಆನಿನ ಪ್ರತಿ ಇದೇ ಹಫ್ಸಾ(ರ)ರ ಬಳಿ ಸುರಕ್ಷಿತವಾಗಿತ್ತು. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಅಕ್ಷರ ಕಲಿಸಿದ್ದಕ್ಕೆ ಎಂಥ ಗೌರವದ ನೆನಪು ನಮ್ಮ ಚರಿತ್ರೆಯಲ್ಲಿದೆ ನೋಡಿ!

ಇನ್ನೊಂದು ಮಾತನ್ನು ತಾಯಂದಿರು ತಿಳಿದಿರಬೇಕು. ಕಲಾ ಶಿಕ್ಷಣವೆಂಬುದು ಯಾರೋ ದಯೆಯಿಂದ ಕೊಡುವ ಹೆಚ್ಚುವರಿ ವಸ್ತುವಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಒಂದು ವಿಷಯವಾಗಿರಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲೆಗೊಬ್ಬ ಅರೆಕಾಲಿಕ ಬೋಧಕರಿರಬೇಕು. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದರಿಂದ ಹಿಡಿದು ಅರೇಬಿಕ್ ಪಠಣ, ಕವ್ವಾಲಿಯವರೆಗೆ ಸ್ಪರ್ಧೆಗಳಿವೆ. ಎಸ್‌ಡಿಎಂಸಿ ಸಭೆಗೆ ಹೋದಾಗ ಬಿಸಿಯೂಟದ ಬಗ್ಗೆ ಕೇಳುವ ಹಾಗೆ, 'ಕಲೆ ಕಲಿಸೋರು ಯಾರದಾರ್ರೀ?' ಎಂದೂ ಒಂದು ಮಾತು ಕೇಳಿ.

ಸಮಯ ಮತ್ತು ಹಣದ ಲೆಕ್ಕ

ಈಗ ನನ್ನ ಮನೆಯ ಲೆಕ್ಕ. ಫಜ್ರ್ ನಮಾಝಿನ ನಂತರ ಒಂದು ಗಂಟೆ ನನ್ನ ಬರವಣಿಗೆಯ ಸಮಯ. ಆ ಗಂಟೆಯಲ್ಲಿ ಫೋನ್ ಅಡುಗೆಮನೆಯ ಡಬ್ಬದಲ್ಲಿರುತ್ತದೆ. ಮೊದಮೊದಲು ನಮ್ಮ ಅತ್ತೆಯವರಿಗೆ ಇದು ಸರಿಬರಲಿಲ್ಲ. "ಬೆಳಿಗ್ಗೆ ಎದ್ದು ರೊಟ್ಟಿ ಮಾಡೋದು ಬಿಟ್ಟು ಬರೀತಾ ಕೂಡ್ತಾಳ" ಎನ್ನುತ್ತಿದ್ದರು. ನಾನು ವಾದಿಸಲಿಲ್ಲ. ರಾತ್ರಿಯೇ ಅರ್ಧ ಕೆಲಸ ಮುಗಿಸಿಟ್ಟು, ಬರೆದದ್ದನ್ನು ಮಧ್ಯಾಹ್ನ ಅವರಿಗೇ ಓದಿ ಹೇಳತೊಡಗಿದೆ. ಮೂರನೇ ತಿಂಗಳಿಗೆ, "ನಿನ್ನೆ ಆ ಹುಡುಗಿ ಕಥಿ ಅರ್ಧಕ್ಕ ನಿಂತಿತ್ತಲ್ಲ, ಮುಂದ ಏನಾತು?" ಎಂದು ಅವರೇ ಕೇಳಿದರು. ಅಂದಿನಿಂದ ಆ ಒಂದು ಗಂಟೆಯನ್ನು ಮನೆಯಲ್ಲಿ ಯಾರೂ ಮುಟ್ಟಿಲ್ಲ.

ಹಣದ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. ಮೊದಲ ಕಥೆಗೆ ನನಗೆ ಬಂದ ಸಂಭಾವನೆ 300 ರೂಪಾಯಿ. ಕೆಲವು ಕಡೆಯಿಂದ ಪತ್ರಿಕೆಯ ಪ್ರತಿ ಮಾತ್ರ ಬಂತು, ಒಂದೆರಡು ಕಡೆಯಿಂದ ಅದೂ ಇಲ್ಲ. ಕಳೆದ ವರ್ಷ ಬರವಣಿಗೆಯಿಂದ ಬಂದದ್ದು ಒಟ್ಟು 6,400 ರೂಪಾಯಿ. ಭಾನುವಾರದ ತರಗತಿಗಳ ಬಣ್ಣ, ಕಾಗದ, ಬಸ್ ಚಾರ್ಜಿಗೆ ಹೋದದ್ದು 9,000ಕ್ಕೂ ಮೇಲೆ. ಕೊಡಬಲ್ಲ ಮನೆಯವರಿಂದ ತಿಂಗಳಿಗೆ 50 ರೂಪಾಯಿ ಪಡೆಯುತ್ತೇನೆ. ಹಾಗಾಗಿ ತೂಗಿಸಲು ಸಾಧ್ಯವಾಗಿದೆ. ಸಂಸಾರ ನಡೆಯುವುದು ನನ್ನ ಸಂಬಳ ಮತ್ತು ಯಜಮಾನರ ಅಂಗಡಿಯಿಂದ. ಆದ್ದರಿಂದ ಈ ದಾರಿಗೆ ಬರಬಯಸುವ ತಂಗಿಯರಿಗೆ ನನ್ನ ಸಲಹೆ ಇಷ್ಟೇ: ಕೈಯಲ್ಲಿರುವ ಕೆಲಸ ಬಿಡಬೇಡಿ. ಸಣ್ಣದಾಗಿ ಆರಂಭಿಸಿ. ಐದು ಮಕ್ಕಳು ಸಾಕು, ವಾರಕ್ಕೊಂದು ಗಂಟೆ ಸಾಕು. ಒಂದು ಲೆಕ್ಕದ ಪುಸ್ತಕವಿಡಿ.

ಮಕ್ಕಳ ಮಾತು ಅಮಾನತು

ಸಮಯವನ್ನು ಹೊಂದಿಸಬಹುದು, ಹಣವನ್ನು ತೂಗಿಸಬಹುದು. ಇವೆರಡಕ್ಕಿಂತ ಕಠಿಣವಾದದ್ದು ಮೂರನೆಯದೊಂದಿದೆ. ಅದನ್ನು ಹೇಳದಿದ್ದರೆ ಈ ಲೇಖನ ಅರ್ಧ ಸತ್ಯವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಹಿರೇಕೆರೂರಿನ ತರಗತಿಗೆ ಏಳನೇ ತರಗತಿಯ ಒಬ್ಬ ಹುಡುಗ ಬರುತ್ತಿದ್ದ. ಬರೆಯುವುದರಲ್ಲಿ ನಿಧಾನ, ಹೇಳುವುದರಲ್ಲಿ ಜಾಣ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ತನ್ನ ಮನೆಯ ಒಂದು ಸಂಗತಿಯನ್ನು ನನಗೆ ಹೇಳಿದ. ಕೇಳಿ ಮನಸ್ಸು ತುಂಬಿ ಬಂತು. ಆ ವಾರ ಫಜ್ರ್ ನಂತರದ ಗಂಟೆಯಲ್ಲಿ ನನ್ನ ಲೇಖನಿ ತಾನಾಗಿ ಓಡಿತು. ಹೆಸರು, ಊರು ಬದಲಿಸಿ ಕಥೆ ಮಾಡಿ ಪತ್ರಿಕೆಯೊಂದಕ್ಕೆ ಕಳಿಸಿದೆ. ಪ್ರಕಟವಾಯಿತು. ಓದುಗರ ಮೆಚ್ಚುಗೆಯ ಪತ್ರಗಳೂ ಬಂದವು.

ಮುಂದಿನ ತಿಂಗಳು ಹುಡುಗ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನಾನೇ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನಿಂತು ತಲೆ ಎತ್ತದೆ ಅವನು ಹೇಳಿದ ಮಾತು ಇಷ್ಟೇ: "ಅದು ನನ್ನ ಕಥಿ ಇತ್ತ್ರೀ ಅಕ್ಕೋರ. ನಾ ಬರಿಯೋನಿದ್ದೆ."

ಮನೆಯ ಮಾತು ಹೊರಗೆ ಬಂತೆಂದು ಅವನಿಗೆ ದುಃಖವಾಗಿರಲಿಲ್ಲ. ಅವನು ನಿಧಾನವಾಗಿ ತಯಾರಾಗುತ್ತಿದ್ದ ಕೆಲಸವನ್ನು ನಾನು ಬೇಗ ಮುಗಿಸಿಬಿಟ್ಟಿದ್ದೆ. ಬರೆಯಲು ಕಲಿಸುತ್ತೇನೆಂದು ಕರೆದವಳೇ ಅವನ ಬರೆಯುವ ವಸ್ತುವನ್ನು ಎತ್ತಿಕೊಂಡಿದ್ದೆ. ಕ್ಷಮೆ ಕೇಳಿದೆ. ಅವನು ಕ್ಷಮಿಸಿದ. ಆದರೆ ತರಗತಿಗೆ ಮತ್ತೆ ಬರಲಿಲ್ಲ. ಈಗ ಅವನು ಪದವಿ ಓದುತ್ತಿದ್ದಾನೆ. ಈ ಘಟನೆಯನ್ನು ಬರೆಯಬಹುದೇ ಎಂದು ಫೋನಿನಲ್ಲಿ ಕೇಳಿದಾಗ, "ಬರೀರಿ. ಆದ್ರ ಆ ಸಂಗತಿ ಏನಂತ ಮಾತ್ರ ಬರೀಬ್ಯಾಡ್ರಿ" ಎಂದ. ಆದ್ದರಿಂದ ಅದನ್ನಿಲ್ಲಿ ಹೇಳಿಲ್ಲ. ಅದು ಅವನದು.

ಬರೆಯುವವಳು ಮಕ್ಕಳಿಗೆ ಕಲಿಸಿದಾಗ ಎದುರಾಗುವ ನಿಜವಾದ ಪರೀಕ್ಷೆ ಇದೇ. ಮಕ್ಕಳು ನಮ್ಮನ್ನು ನಂಬಿ ಹೇಳುವ ಮಾತುಗಳು ಅಮಾನತು. ಅಮಾನತಿನಲ್ಲಿ ಖಿಯಾನತ್ ಮಾಡಬಾರದೆಂದು ಮದ್ರಸಾದ ಮೊದಲ ವರ್ಷವೇ ಕಲಿತಿದ್ದೆ, ಆದರೆ ಹಣ-ಒಡವೆಗೆ ಮಾತ್ರ ಅದು ಅನ್ವಯಿಸುತ್ತದೆಂದು ತಿಳಿದಿದ್ದೆ. ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ. ತರಗತಿಯಲ್ಲಿ ಕೇಳಿದ್ದು ಮಗುವಿನದು. ಮಗು ಬರೆದರೆ ಮಗುವಿನ ಹೆಸರಿನಲ್ಲಿ, ಮನೆಯವರ ಒಪ್ಪಿಗೆಯಿಂದ. ಬರೆಯದಿದ್ದರೆ ಅದು ನನ್ನೊಳಗೇ ಉಳಿಯಬೇಕು. ನನ್ನ ಕಥೆಗೆ ನನ್ನದೇ ಬದುಕಿದೆ, ನನ್ನದೇ ಬಾಲ್ಯವಿದೆ. ಮಕ್ಕಳಿಂದ ನಾನು ಪಡೆದುಕೊಳ್ಳಬಹುದಾದದ್ದು ಅವರ ಕಥೆಯನ್ನಲ್ಲ, ಅವರು ನೋಡುವ ರೀತಿಯನ್ನು.

ವಿಚಿತ್ರವೆಂದರೆ, ಈ ನಿಯಮ ಬಂದ ಮೇಲೆ ನನ್ನ ಬರವಣಿಗೆ ಬಡವಾಗಲಿಲ್ಲ. 'ಮೂರೇ ಸಾಲು' ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಉದ್ದುದ್ದ ವಾಕ್ಯಗಳು ಸಣ್ಣವಾದವು. 'ಅಕ್ಕೋರ, ಇದು ಖರೇನ ಹಿಂಗ ಆಗ್ತೈತೇನ್ರೀ?' ಎಂಬ ಅವರ ಪ್ರಶ್ನೆ ಕಿವಿಯಲ್ಲಿರುವಾಗ ಸುಳ್ಳು ಕಣ್ಣೀರಿನ ಕಥೆ ಬರೆಯಲು ಕೈ ಬರುವುದಿಲ್ಲ.

ಸವಣೂರಿನ ತಾಯಿಗೆ ಉತ್ತರ

ಆ ತಾಯಿ ಎದ್ದುಹೋದ ವಾರ ನಾನು ಮತ್ತೆ ಸವಣೂರಿಗೆ ಹೋದೆ. ನನ್ನ ತಾಯಿಯನ್ನೂ ಜೊತೆಗೆ ಕರೆದುಕೊಂಡು ಅವರ ಮನೆಯ ಕದ ತಟ್ಟಿದೆ. "ನಾನು ಎರಡೂ ಹೌದು ಬೀ. ಆದರ ನಿಮ್ಮ ಮಗಳು ಬರೆದದ್ದನ್ನ ನಾ ಬರಿಯಂಗಿಲ್ಲ, ಯಾರಿಗೂ ಕೊಡಂಗಿಲ್ಲ. ನೀವು ಒಂದ್ಸಲ ಪೂರ್ತಿ ಕೇಳ್ರಿ. ಆಮೇಲೆ ಹರಿದು ಒಲಿಗೆ ಹಾಕಂದ್ರ ಅಕೀನ ಹಾಕ್ತಾಳ" ಎಂದೆ.

ಹುಡುಗಿ ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಂತು ಎರಡೂ ಪುಟ ಓದಿದಳು. ಕನ್ನಡದಲ್ಲಿ ಓದಿ, ಅರ್ಥವಾಗದ ಕಡೆ ದಖನಿಯಲ್ಲಿ ಹೇಳಿದಳು. ಓಣಿಯ ಹುಡುಗ ಓದಿದ್ದು ನಾಲ್ಕು ಸಾಲು ಮಾತ್ರ. ಸೂಜಿ ಚುಚ್ಚಿದ ಬೆರಳಿನ ಮಾತು ಬಂದಾಗ ತಾಯಿ ಸೆರಗಿನಲ್ಲಿ ಕೈ ಮುಚ್ಚಿಕೊಂಡರು. ಓದು ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಆಕೆ ಹೇಳಿದರು: "ಒಂದು ತಪ್ಪೈತಿ. ಯಂತ್ರ ಹನ್ನೆರಡಕ್ಕ ನಿಂದ್ರಂಗಿಲ್ಲ, ಒಂದಕ್ಕ ನಿಂದರತೈತಿ. ಅಷ್ಟೊತ್ತಿಗೆ ಅಕಿ ಮಲಗಿರ್ತಾಳ."

ಹುಡುಗಿ ಪೆನ್ನು ತೆಗೆದು ಹನ್ನೆರಡನ್ನು ಹೊಡೆದುಹಾಕಿ ಒಂದು ಎಂದು ಬರೆದಳು.

ನೋಟ್‌ಬುಕ್ಕು ಈಗ ಆ ಮನೆಯ ಟ್ರಂಕಿನಲ್ಲಿದೆ, ತಾಯಿಯ ನಿಕಾಹ್‌ನಾಮೆಯ ಜೊತೆ. ಹುಡುಗಿ ಎರಡನೇ ಭಾನುವಾರ ತಪ್ಪದೆ ಬರುತ್ತಾಳೆ. ಇದನ್ನು ಬರೆಯುವ ಮುನ್ನ ತಾಯಿ-ಮಗಳು ಇಬ್ಬರನ್ನೂ ಕೇಳಿದೆ. "ಹೆಸರು ಬ್ಯಾಡ, ಉಳಿದದ್ದು ಬರೀರಿ. ನನ್ನಂಥ ಮತ್ತೊಬ್ಬಾಕಿ ಕೇಳ್ಲಿ" ಎಂದು ತಾಯಿ ಹೇಳಿದರು.

ಸಹೋದರಿಯರೇ, ನಿಮ್ಮ ಮನೆಯ ಮಗು ಏನಾದರೂ ಬರೆದಿದ್ದರೆ ಇಂದು ರಾತ್ರಿ ಹತ್ತು ನಿಮಿಷ ಕೂತು ಕೇಳಿ. ಓದಲು ನಿಮಗೆ ಬರದಿದ್ದರೆ ಮಗುವಿನಿಂದಲೇ ಓದಿಸಿ. ತಪ್ಪಿದ್ದರೆ ತಿದ್ದಿ. ಬರೆಯುವ ಆಸೆ ನಿಮಗೇ ಇದ್ದರೆ, ಓಣಿಯ ಐದು ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಅಗತ್ಯ ನಿಮಗೆ ಬೀಳಲಾರದು. ಅಲ್ಲಾಹನು ನಮ್ಮ ಲೇಖನಿಗೂ ನಮ್ಮ ಮಕ್ಕಳ ಲೇಖನಿಗೂ ಬರ್ಕತ್ ನೀಡಲಿ.